ಎಡಗಡೆಯ ಟೈರು

ತಂಗೀ,

ಇವತ್ತು ಒಲೆ, ಮಂಚ ಸಮೇತ ನಮ್ಮ ಪ್ರವಾಸದ ವ್ಯಾನನ್ನೇ ತೂಕಕ್ಕೆ ಹಾಕಿದರು ಕಣೇ, ನಾವೆಲ್ಲ ಒಳಗೆ ಕೂತಿದ್ದ ಹಾಗೇ! ನಿನ್ನ ಭಾವ ದಿನಾ ಬೆಳಿಗ್ಗೆ ಗಾಳಿ ಅಳೆದು ತುಂಬಿಸಿದರೂ ಎಡಗಡೆಯ ಟೈರು ಮಾತ್ರ ಚಪ್ಪಟೆಯಾಗಿ ಕೂರುತ್ತಿತ್ತು. "ಟೈರಿಗೇನೂ ಆಗಿಲ್ಲ, ಆ ಕಡೆ ಭಾರ ಜಾಸ್ತಿ," ಎಂದ ಟೈರಿನಂಗಡಿಯವನು ತೂಕ ನೋಡಿ. ಆ ಕಡೆ ಇರುವುದು ನಮ್ಮತ್ತೆಯ ಮಂಚ. ಕೆಳಗೆ ಬಗ್ಗಿ ನೋಡಿದರೆ, ದಾರಿಯ ಹೊಳೆಗಳಲ್ಲೆಲ್ಲ ಆರಿಸಿದ ಕಲ್ಲುಗಳ ರಾಶಿ! ಸೊಂಟನೋವೆಂದು ನೀರಿನ ಲೋಟವನ್ನೂ ಎತ್ತದವರು!

"ಗಾಳಿ ಬಿಟ್ಟಿ ತಾನೇ? ಇನ್ನೊಂದಿಷ್ಟು ತುಂಬಿಸ್ಕೊಳ್ಳಿ. ನನ್ನ ಕಲ್ಲು ಮಾತ್ರ ಇಳಿಯಲ್ಲ," ಎಂದು ಪಟ್ಟು ಹಿಡಿದರು. ಕೊನೆಗೆ ಅರ್ಧ ಕಲ್ಲುಗಳು ಬಲಗಡೆ ನನ್ನ ಮಂಚದಡಿಗೆ ಬಂದವು, ವ್ಯಾನು ನೆಟ್ಟಗೆ ನಿಂತಿತು.

ಅಗೋ, ಮುಂದೆ ಹೊಳೆ! ಅತ್ತೆ ಆಗಲೇ ಚಪ್ಪಲಿ ಮೆಟ್ಟಿದ್ದಾರೆ, ಅವರಿಗಿಂತ ಮೊದಲು ನಾನಿಳಿಯಬೇಕು.

ನಿನ್ನಕ್ಕ