ಅಮರನ ಎಡ ಅಂಗೈ

ಶಿವಬಸವ ನಗರ, ಬೆಳಗಾವಿ
೮ ಫೆಬ್ರುವರಿ ೨೦೨೬

ಖಾನಾಪುರ ತಾಲ್ಲೂಕಿನ ಬೀಡಿಯಲ್ಲಿರುವ ಬಸಲಿಂಗಪ್ಪನವರಿಗೆ, ನಿಮ್ಮ ಮಗಳು ಸಾಕ್ಷಿಯ ತಾಯಿ ಸಂಗವ್ವನ ಶರಣು.

ನಾವು ಬೇರೆಯಾದ ಇಷ್ಟು ವರ್ಷಗಳ ಮೇಲೆ ನಿಮ್ಮಿಂದ ಬಂದ ಮೊದಲ ಮಾತನ್ನು ನಿಮ್ಮ ತಮ್ಮ ಬಂಡೆಪ್ಪ ಹೊಸ್ತಿಲಲ್ಲೇ ನಿಂತು ಒಪ್ಪಿಸಿದನು: “ವೈನೀ, ಅಣ್ಣಾರು ಹೇಳಿ ಕಳಿಸ್ಯಾರ್ರೀ. ಎಡಗೈ ಸುಟ್ಟಕೊಂಡಾಂವ ಲಿಂಗಾ ಎಲ್ಲಿಟ್ಟು ಪೂಜಿ ಮಾಡ್ತಾನ? ನಿಶ್ಚಯದ ಸೀರಿ ಗಂಡಿನವರಿಗೆ ತಿರುಗಿ ಕೊಟ್ಟಬಿಡ್ರಿ ಅಂದಾರ.”

“ಒಳಗ ಬಂದು ಕುಂದರು, ಚಹಾ ಕುಡಿ. ಸೀರಿ ಮಾತ್ರ ಕೇಳಬ್ಯಾಡ” ಎಂದೆನು.

ಸೀರೆ ಹಿಂದಿರುಗುವುದಿಲ್ಲ.

ಆ ಕೈ ಸುಟ್ಟ ಬಗೆಯನ್ನು ನಿಮಗೆ ಯಾರೂ ಸರಿಯಾಗಿ ತಿಳಿಸಿರಲಾರರು. ನಮ್ಮ ಅಳಿಯನಾಗುವ ಅಮರನ ಸೇನಾ ತುಕಡಿ ಲೋಂಡಾದ ಕಾಡಿನಲ್ಲಿ ಅಭ್ಯಾಸ ನಡೆಸಿದ್ದಾಗ, ತರಬೇತಿಯ ಸಣ್ಣ ವಿಮಾನವೊಂದು ಮರಗಳ ನಡುವೆ ಬಿದ್ದು ಹೊತ್ತಿಕೊಂಡಿತು. ಮೊದಲು ತಲುಪಿದವನು ಅಮರ. ಗಾಯಗೊಂಡ ಶಿಕ್ಷಕನನ್ನು ಎಳೆದು ತಂದು ಜೊತೆಗಾರರಿಗೆ ಒಪ್ಪಿಸಿದನು. ಹಾರಾಟ ಕಲಿಯುತ್ತಿದ್ದ ಹುಡುಗಿ ಇನ್ನೂ ಒಳಗೆ, ಆಸನದ ಪಟ್ಟಿಗೆ ಸಿಲುಕಿದ್ದಳು. ಇಂಧನ ಸೋರುತ್ತಿದೆ, ಹೋಗಬೇಡವೆಂದು ಎಲ್ಲರೂ ಕೂಗಿದರು. ಅವನು ಹೋದನು. ಕಾದ ಬಾಗಿಲನ್ನು ಎಡಗೈಯಿಂದ ತಡೆದು ಹಿಡಿದು, ಬಲಗೈಯಿಂದ ಪಟ್ಟಿ ಕೊಯ್ದನು. ಅವಳು ಹೊರಬರುವವರೆಗೆ ಬಾಗಿಲನ್ನು ಬಿಡಲಿಲ್ಲ. ಇಬ್ಬರೂ ಬದುಕಿದ್ದಾರೆ. ಅವನ ಅಂಗೈ ಮೊದಲಿನಂತಾಗದು, ಬೆರಳುಗಳನ್ನು ಮಡಚಲಾಗದು ಎಂದು ವೈದ್ಯರು ಹೇಳಿದ್ದಾರೆ.

ಯಾರದೋ ಮಗಳಿಗಾಗಿ ಬೆಂಕಿಯನ್ನು ಹಿಡಿದ ಆ ಕೈಗೆ ನನ್ನ ಮಗಳನ್ನು ಒಪ್ಪಿಸಲು ನಾನು ಯಾರ ಅಪ್ಪಣೆಯನ್ನೂ ಬೇಡುವುದಿಲ್ಲ.

ಮದುವೆ ಗೊತ್ತಾದ ದಿನವೇ ನಡೆಯುವುದು. ಸಾಕ್ಷಿ ಅದೇ ಸೀರೆ ಉಡುವಳು. ತಂದೆಗೆಂದು ಒಂದು ಮಣೆ ಹಾಕಿಸುವೆನು. ಬಂದರೆ ಗೌರವದಿಂದ ಕುಳ್ಳಿರಿಸುವೆನು. ಬಾರದಿದ್ದರೆ ಮಣೆ ಖಾಲಿಯಿರಲಿ. ಮುಹೂರ್ತ ನಿಮಗಾಗಿ ಕಾಯದು.

ಇತಿ,
ಸಂಗವ್ವ

ಬರೆದು ಮುಗಿಸಿದ ಮೇಲೆ: ನಿಮ್ಮ ಪ್ರಶ್ನೆಗೆ ಉತ್ತರ ಉಳಿಯಿತು. ಇಂದು ಮುಂಜಾನೆ ಆಸ್ಪತ್ರೆಯಲ್ಲಿ ಅಮರನು ಕಟ್ಟು ಕಟ್ಟಿದ ಕೈಯನ್ನೇ ನೋಡುತ್ತ ಪೂಜೆಯಿಲ್ಲದೆ ಕುಳಿತಿದ್ದನು. ಸಾಕ್ಷಿ ಎದುರಿಗೆ ಕುಳಿತು ತನ್ನ ಎಡ ಅಂಗೈಯನ್ನು ಚಾಚಿ, “ಇಲ್ಲೆ ಇಡ್ರಿ” ಎಂದಳು. ಶಿವದಾರ ಅವನ ಕೊರಳಲ್ಲಿತ್ತು, ಲಿಂಗ ಅವಳ ಅಂಗೈಯಲ್ಲಿತ್ತು. ಅವನು ಬಲಗೈಯಿಂದ ಪತ್ರಿ ಏರಿಸಿದನು. ಪದ್ಧತಿಯಲ್ಲವೆಂದು ನೀವು ಹೇಳುವಿರಿ. ಪೂಜೆ ಮುಗಿಯುವವರೆಗೆ ನಿಮ್ಮ ಮಗಳ ಕೈ ಅಲುಗಲಿಲ್ಲ.