ಅಪ್ಪನ ಹನ್ನೊಂದನೆಯ ಮರುನೋಟ

ನರಗುಂದ, ೩೦ ಫೆಬ್ರವರಿ ೨೧೪೮

ನನ್ನ ಅಜ್ಜನ ಅಜ್ಜ ಹವಾಲ್ದಾರ್ ಈರಬಸಪ್ಪನವರಿಗೆ ಶಿವಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪತ್ರಗಳಿಂದಷ್ಟೇ ಕಲಿತವಳು.

ನನ್ನ ಅಪ್ಪ ಚನ್ನವೀರಪ್ಪ ನಿಮ್ಮಂತೆಯೇ ಸೈನಿಕರಾಗಿದ್ದವರು. ಸಮುದ್ರ ನುಂಗಿದ ಕರಾವಳಿಯಲ್ಲಿ ಈಗ ಗಡಿಯಿದೆ, ಅದನ್ನು ಉಪ್ಪುಗಡಿ ಎನ್ನುತ್ತೇವೆ. ಹದಿನಾರು ವರ್ಷ ಅಲ್ಲಿನ ಉಪ್ಪುಧೂಳು ಕುಡಿದು ಅಪ್ಪನ ಶ್ವಾಸಕೋಶ ಸವೆದುಹೋಗಿದೆ. ಹಾಸಿಗೆಯಿಂದ ನಲ್ಲಿಯವರೆಗೆ ಹೋಗುವಷ್ಟರಲ್ಲಿ ಎರಡು ಸಲ ಕೂರುತ್ತಾರೆ. ಸೇವೆಯಿಂದಲೇ ಬಂದ ಕಾಯಿಲೆ ಎಂದು ಒಪ್ಪಿದರೆ ಮಾತ್ರ ಸೈನಿಕರ ಉಸಿರುಮನೆಯಲ್ಲಿ, ಅಂದರೆ ತೊಳೆದ ಗಾಳಿಯ ಆಸ್ಪತ್ರೆಯಲ್ಲಿ, ಜಾಗ ಸಿಗುತ್ತದೆ. ಅರ್ಜಿ ಹತ್ತು ಸಲ ಹಿಂದಕ್ಕೆ ಬಂದಿದೆ. ಪ್ರತಿಸಲವೂ ಹೊಸ ವೈದ್ಯಕೀಯ ತಪಾಸಣೆ. ನಾವದನ್ನು ಮರುನೋಟ ಎನ್ನುತ್ತೇವೆ.

ಎಲ್ಲವನ್ನೂ ಯಂತ್ರಗಳು ಅಳೆಯುತ್ತವೆ. ನೋವಿನ ಕಲಂ ಮಾತ್ರ ಇವತ್ತಿಗೂ ಬಾಯಿಮಾತಿನದು. ಅಲ್ಲೇ ನಮ್ಮ ಹಣೆಬರಹ ಕೆಟ್ಟಿತು. ಮರುನೋಟದ ದಿನ ಅಪ್ಪ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪದಕ ಸಿಕ್ಕಿಸಿಕೊಳ್ಳುತ್ತಾರೆ. ಹೇಗಿದ್ದೀರಿ ಎಂದು ವೈದ್ಯಾಧಿಕಾರಿ ಕೇಳಿದ್ದೇ ತಡ, ಎದೆ ಸೆಟೆಸಿ "ಆರಾಮ ಅದೀನ್ರಿ, ಸಾಹೇಬ್ರ" ಎನ್ನುತ್ತಾರೆ. ಅಧಿಕಾರಿ ಅದನ್ನೇ ಬರೆದುಕೊಳ್ಳುತ್ತಾನೆ. ಯಂತ್ರ ಒಂದು ಹೇಳುತ್ತದೆ, ರೋಗಿ ಇನ್ನೊಂದು ಹೇಳುತ್ತಾನೆ, ಆದ್ದರಿಂದ ಮತ್ತೊಂದು ಮರುನೋಟ.

ನಿನ್ನೆ ಹನ್ನೊಂದನೆಯದು. ಹೊರಡುವ ಮುನ್ನ, ನೋವನ್ನು ಇದ್ದಂತೆ ಹೇಳಿ ಎಂದು ಕಾಲು ಹಿಡಿದು ಬೇಡಿಕೊಂಡೆ. "ಆತವ್ವಾ, ಹೇಳ್ತೀನಿ" ಎಂದರು. ಒಳಗೆ ಹೋಗಿ ಮತ್ತೆ ಆರಾಮ ಎಂದೇ ಹೇಳಿದರು. ಹೊರಬಂದು ಮೆಟ್ಟಿಲ ಮೇಲೆ ಕುಸಿದರು. ಮುಂದಿನ ದಿನಾಂಕ ಮೂರು ತಿಂಗಳಾಚೆಗಿದೆ. ಅಷ್ಟು ದಿನ ಅವರು ಇರುವುದಿಲ್ಲ ಎಂದು ನಮ್ಮೂರ ಡಾಕ್ಟರು ಹೇಳಿಬಿಟ್ಟಿದ್ದಾರೆ. ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತದೆ, ಆ ಸಿಟ್ಟಿಗೆ ನಾಚಿಕೆಯೂ ಆಗುತ್ತದೆ.

ಇದನ್ನು ಬರೆಯುತ್ತಿದ್ದಾಗ ಅಪ್ಪ ಮಲಗಿದಲ್ಲಿಂದಲೇ "ಯಾಕವ್ವಾ, ಕಣ್ಣು ಕೆಂಪಗಾಗ್ಯಾವ?" ಎಂದರು. "ಏನಿಲ್ಲಪ್ಪಾ, ಆರಾಮ ಅದೀನಿ" ಎಂದೆ.

ನಿಮ್ಮ ಮೊಣಕಾಲಲ್ಲಿ ಗುಂಡಿತ್ತಂತೆ. ಮಕ್ಕಳು ಕೇಳಿದಾಗಲೆಲ್ಲ, ಸಿಪಾಯಿ ನೋವು ಅನ್ನಬಾರದು ಎಂದು ನಗುತ್ತಿದ್ದಿರಂತೆ. ನಮ್ಮ ಮನೆಯಲ್ಲಿ ಆ ಮಾತನ್ನು ಇನ್ನೂ ಹೆಮ್ಮೆಯಿಂದ ಹೇಳುತ್ತಾರೆ. ಈ ಪತ್ರ ನಿಮ್ಮನ್ನು ಮುಟ್ಟುತ್ತದೆಂಬ ನಂಬಿಕೆ ನನಗಿಲ್ಲ. ಮುಟ್ಟಿದರೆ, ನಾಳೆ ನಿಮ್ಮ ಮಗ ಬಂದು ಕಾಲು ನೋಯುತ್ತದೆಯೇ ಎಂದು ಕೇಳಿದಾಗ ನಗಬೇಡಿ. ಅವನನ್ನು ಹತ್ತಿರ ಕೂರಿಸಿಕೊಂಡು, "ಹೂಂ, ಭಾಳ ನೋಯ್ತೈತಿ" ಅನ್ನಿ.

ನಿಮ್ಮ
ಶಿವಗಂಗಾ