ಅಂದು ಭವ್ಯಳ ಕೈ ಯಾರ ಕೈಯಲ್ಲಿತ್ತು

ಸೊಸೆ ಪ್ರಮೀಳಾಗೆ, ನಿನ್ನ ಅತ್ತೆ ಬರೆಯುವುದು.

ನೀನು ಬದುಕಿದ್ದಾಗ ನಿನಗೆ ಒಂದು ಚೀಟಿಯನ್ನೂ ಬರೆದವಳಲ್ಲ ನಾನು. ಒಂದೇ ಮನೆಯಲ್ಲಿದ್ದವರು, ಏನು ಬೇಕಿದ್ದರೂ ಕೂಗಿ ಹೇಳುತ್ತಿದ್ದೆ. ನೀನು ಹೋಗಿ ಒಂಬತ್ತು ವರ್ಷವಾಯಿತು, ಈಗ ಎಲ್ಲಿಗೆಂದು ಕೂಗಲಿ? ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. ನೀನೂ ನಿಧಾನವಾಗಿ ಓದು.

ಮೊದಲು ಇಪ್ಪತ್ತೆರಡು ವರ್ಷದ ಹಿಂದಿನ ಆ ದಿನ. ನಿನ್ನ ನಾದಿನಿಯ ಮದುವೆಗೆ ಸೀರೆ ತರಲು ನೀನು, ನಾನು, ನಾಲ್ಕು ವರ್ಷದ ಭವ್ಯ ಕೋಡಿಹಳ್ಳಿಯಿಂದ ಕಮರ್ಷಿಯಲ್ ಸ್ಟ್ರೀಟಿಗೆ ಹೋದೆವು. ನಮ್ಮ ವಠಾರದಲ್ಲೇ ಬಾಡಿಗೆಗಿದ್ದ ಸೆಲ್ವ ತನ್ನ ಆಟೋದಲ್ಲಿ ಬಿಟ್ಟು, "ಸಂಜೆ ಬರ್ಲಾ ಮಾ?" ಎಂದು ಕೇಳಿ ಹೊರಟುಹೋದ. ರವಿಕೆ ಬಟ್ಟೆಗೆ ನಿನ್ನನ್ನು ಎದುರಿನ ಅಂಗಡಿಗೆ ಕಳಿಸಿದವಳು ನಾನೇ. "ಮಗೂನ ಕರ್ಕೊಂಡ್ಹೋಗ್ಲಾ ಅತ್ತೆ?" ಎಂದು ನೀನು ಕೇಳಿದೆ. "ನನ್ ಹತ್ರ ಇರ್ಲಿ, ನೀನು ಬೇಗ ಬಾ" ಎಂದೆ. ಭವ್ಯಳ ಎಡಗೈ ನನ್ನ ಬಲಗೈಯಲ್ಲಿತ್ತು. ಅಷ್ಟರಲ್ಲಿ ಅಂಗಡಿಯವನು ಒಂದು ಸೀರೆಯ ಸೆರಗು ಬಿಡಿಸಿ ಹಿಡಿದ. ಜರಿ ಅಪ್ಪಟವೋ ಅಲ್ಲವೋ ನೋಡಲು ನನಗೆ ಎರಡು ಕೈಯೂ ಬೇಕಾಯಿತು. ಎಷ್ಟು ಹೊತ್ತು ನೋಡಿದೆ? ಒಂದು ನಿಮಿಷವೋ, ಎರಡೋ... ತಿರುಗಿದಾಗ ಮಗು ಇರಲಿಲ್ಲ.

ಆಮೇಲಿನ ಎರಡು ದಿನ ನೀನು ಓಡಾಡಿದ್ದು ನೆನಪಿದೆ. ಶಿವಾಜಿನಗರದ ಬಸ್ ನಿಲ್ದಾಣ, ಕಂಟೋನ್ಮೆಂಟ್ ರೈಲು ನಿಲ್ದಾಣ, ಮತ್ತೆ ಪೊಲೀಸ್ ಸ್ಟೇಷನ್. ಒಂದು ಚಪ್ಪಲಿ ಕಿತ್ತುಹೋಗಿತ್ತು, ಬರಿಗಾಲಲ್ಲೇ ಬಂದು ನಡುಮನೆಯಲ್ಲಿ ನಿಂತೆ. "ಅತ್ತೆ, ಸ್ಟೇಷನ್ನಲ್ಲಿ ಸೆಂಟ್ರಿ ಒಬ್ಬ ಬಿಟ್ರೆ ಯಾರೂ ಇಲ್ಲ. ಪೊಲೀಸ್ನೋರೆಲ್ಲಾ ಇನ್‌ಸ್ಪೆಕ್ಟರ್ ಮನೆ ಗೃಹಪ್ರವೇಶಕ್ಕೆ ಚಪ್ಪರ ಕಟ್ತಾವ್ರೆ. ನಾನೇ ಹೋಗಿ ನೋಡ್ಕೊಂಡ್ಬಂದೆ" ಎಂದೆ. ಆ ಇನ್‌ಸ್ಪೆಕ್ಟರ್ ನನ್ನ ತವರಿನ ಕಡೆಯವನು, ನನ್ನನ್ನು ಅಕ್ಕಾ ಎಂದು ಕರೆಯುತ್ತಿದ್ದವನು. "ದೊಡ್ಡೋರ ಮೇಲೆ ದೂರು ಹೇಳೋದು ಬಿಟ್ಟು ಮುಖ ತೊಳ್ಕೋ ಹೋಗು" ಎಂದೆ. ನೀನು ಕಣ್ಣಾರೆ ಕಂಡು ಬಂದು ಹೇಳಿದ್ದನ್ನು ಕೂತಲ್ಲೇ ಸುಳ್ಳು ಮಾಡಿದೆ.

ಮೂರನೇ ದಿನ ಬೆಳಗ್ಗೆ ಅವನೇ ಒಬ್ಬ ಪೇದೆಯನ್ನು ಕರೆದುಕೊಂಡು ಮನೆಗೆ ಬಂದ. ನಿನ್ನನ್ನು ಅಡುಗೆಮನೆಗೆ ಕಳಿಸಿದ ಮೇಲೆ ದನಿ ತಗ್ಗಿಸಿ ಹೇಳಿದ, "ಅಕ್ಕಾ, ಮೇಲಿಂದ ಫೋನ್ ಮೇಲೆ ಫೋನ್ ಬರ್ತಾ ಐತೆ. ನಿಮ್ ಕೈಲಿದ್ದ ಮಗು ತಪ್ಪೋಯ್ತು ಅಂತ ಬರೆದ್ರೆ ನಾಳೆ ಪೇಪರ್ನೋರು ಬಾಗ್ಲಲ್ಲಿ ನಿಲ್ತಾರೆ. ಯಜಮಾನಿ ನೀವು, ನಿಮಗ್ಯಾಕೆ ಈ ಮಾತು? ಮಗು ತಾಯಿ ಹತ್ರ ಇತ್ತು, ಅವಳೇ ಆಟೋದೋನ ಜೊತೆ ಮನೆಗೆ ಕಳಿಸಿದ್ಲು ಅಂತ ಹಾಕ್ತೀನಿ. ಒಂದು ವಾರದಲ್ಲಿ ಕೇಸ್ ಮುಗೀತದೆ." ಅವನು ಹುಡುಕದೆ ಕಳೆದ ಎರಡು ದಿನವನ್ನು ಮುಚ್ಚಿಕೊಳ್ಳುತ್ತಿದ್ದಾನೆ ಎಂದು ನನಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ಆದರೆ ಊರಿನವರ ಜಗಳಕ್ಕೆಲ್ಲ ತೀರ್ಮಾನ ಹೇಳುವವಳು ಮೊಮ್ಮಗಳ ಕೈ ಹಿಡಿದುಕೊಳ್ಳಲಾರದೆ ಹೋದಳು ಎಂದು ಜನ ಆಡಿಕೊಳ್ಳುವುದೇ? ಓದಿ ನೋಡಿಯೇ ಸಹಿ ಹಾಕಿದೆ ಪ್ರಮೀಳಾ. ಓದು ಬಾರದವಳು ಎಂದು ತಪ್ಪಿಸಿಕೊಳ್ಳುವ ದಾರಿಯೂ ನನಗಿಲ್ಲ.

ನೀನು ಕಾಫಿ ತಂದಾಗ ಆ ಪೇದೆ ಭವ್ಯಳ ಫೋಟೊ ನೋಡಿ ಗುರುತು ಬರೆದುಕೊಳ್ಳುತ್ತಿದ್ದ. "ಎಡ ಕೆನ್ನೆ ಮೇಲೆ ಕಪ್ಪು ಮಚ್ಚೆ" ಎಂದು ಓದಿದ. ನೀನು ತಟ್ಟೆಯನ್ನು ಹಾಗೇ ಹಿಡಿದು, "ಸಾರ್, ಅದು ಮಚ್ಚೆ ಅಲ್ಲ. ದೃಷ್ಟಿ ಬೊಟ್ಟು. ಸ್ಟುಡಿಯೋಗೆ ಹೋಗೋವಾಗ ಅತ್ತೆ ಕಾಡಿಗೇಲಿ ಇಟ್ಟಿದ್ದು" ಎಂದೆ. ಇನ್‌ಸ್ಪೆಕ್ಟರ್, "ಬರೆದಾಯ್ತಲ್ಲಮ್ಮ, ಈಗ ತಿದ್ದೋಕೆ ಹೋದ್ರೆ ಎಲ್ಲಾ ಮೊದಲಿಂದ ಬರೀಬೇಕು" ಎಂದ. ನೀನು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಮೊದಲಿಂದ ಬರೆಯುವುದೆಂದರೆ ಆ ಹೇಳಿಕೆಯನ್ನು ನಿನ್ನೆದುರಿಗೆ ಮತ್ತೆ ಓದುವುದು. "ಗಂಡಸರು ಮಾತಾಡೋವಾಗ ಬಾಯಿ ಹಾಕ್ಬೇಡ. ಒಳಗ್ಹೋಗು" ಎಂದೆ. ನೀನು ಒಳಗೆ ಹೋದೆ. ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಹೋಗುವ ಬೊಟ್ಟು ಅದು.

ಸೆಲ್ವನನ್ನು ಹಿಡಿದುಕೊಂಡು ಹೋದದ್ದು ಅದೇ ಸಂಜೆ. ಐದನೇ ದಿನಕ್ಕೆ, ಮಗುವನ್ನು ಹಲಸೂರು ಕೆರೆಗೆ ಎಸೆದೆ ಎಂದು ಅವನು ಒಪ್ಪಿಕೊಂಡನಂತೆ. ಯಾಕೆ ಒಪ್ಪಿಕೊಂಡ ಎಂದು ಅವನ ಕೈ ನೋಡಿದ್ದರೆ ತಿಳಿಯುತ್ತಿತ್ತು, ನಾನು ನೋಡಲು ಹೋಗಲಿಲ್ಲ. ಕೆರೆಯಲ್ಲಿ ಏನೂ ಸಿಗಲಿಲ್ಲ. ಎಷ್ಟೋ ಕಾಲದ ಮೇಲೆ ಸಾಕ್ಷಿಯಿಲ್ಲವೆಂದು ಕೋರ್ಟು ಅವನನ್ನು ಬಿಟ್ಟಿತು. ಅಷ್ಟರಲ್ಲಿ ಇನ್‌ಸ್ಪೆಕ್ಟರಿಗೆ ಬಡ್ತಿ ಸಿಕ್ಕಿತ್ತು, ನಾನು ಭವ್ಯಳ ಫೋಟೊಗೆ ಹಾರ ಹಾಕಿಸಿದ್ದೆ. ಮೊದಲ ತಿಥಿಯ ದಿನ ದೀಪ ಹಚ್ಚು ಎಂದರೆ ನೀನು ಕಡ್ಡಿಪೆಟ್ಟಿಗೆಯನ್ನು ನೆಲದ ಮೇಲಿಟ್ಟು, "ಬದುಕಿರೋ ಮಗೂಗೆ ನಾನು ಹಚ್ಚಲ್ಲ ಅತ್ತೆ" ಎಂದೆ. ನೆಂಟರೆದುರಿಗೆ ನನ್ನ ಮಾತು ಮೀರಿದೆ ಎಂಬ ಸಿಟ್ಟಿಗೆ ಎಷ್ಟು ದಿನ ಮಾತು ಬಿಟ್ಟಿದ್ದೆ ನಿನ್ನ ಜೊತೆ...

ಒಂದು ಮಧ್ಯಾಹ್ನ ನನ್ನ ಮಗ ಮುರಳಿ ನಿನ್ನನ್ನು ಕೇಳಿದ್ದು ಈಗಲೂ ಕಿವಿಯಲ್ಲಿದೆ. "ಸೆಲ್ವನ ಜೊತೆ ಯಾಕೆ ಕಳಿಸ್ದೆ ಅವಳನ್ನ?" ನೀನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು, "ಹಾಗಾದ್ರೆ ಅಮ್ಮ ಸುಳ್ಳು ಹೇಳ್ತಾರಾ?" ಎಂದ. ನೀನು ನನ್ನ ಕಡೆ ತಿರುಗಿದೆ. ನನ್ನ ಮಾತಿಗಾಗಿ ಕಾದೆ. ನಾನು ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದೆ. ಒಂದು ಮಾತು ಸಾಕಿತ್ತು. ಬುಟ್ಟಿಯ ಹುರುಳಿಕಾಯಿ ಪೂರ್ತಿ ಮುಗಿಯುವವರೆಗೂ ತಲೆಯೆತ್ತಲಿಲ್ಲ ನಾನು.

ಆಮೇಲೆ ಶುರುವಾದವಲ್ಲ ನಿನ್ನ ಶುಕ್ರವಾರಗಳು. ಮನೆಗೆಲಸ ಮುಗಿಸಿ ಮಗುವಿನ ಸುದ್ದಿ ಕೇಳಲು ಸ್ಟೇಷನ್ನಿಗೆ ಹೋಗುವೆ, ಸಂಜೆಗೆ ಬರುವೆ. ಇನ್‌ಸ್ಪೆಕ್ಟರುಗಳು ಬದಲಾದರು, ನೀನು ಹೋಗುವುದು ಬದಲಾಗಲಿಲ್ಲ. ಎದುರುಮನೆಯ ಜಯಮ್ಮ ಒಂದು ದಿನ ಗೇಟಿನಲ್ಲಿ ನಿಂತು, "ಏನ್ ಯಜಮಾನಿ, ನಿಮ್ ಸೊಸೆ ಸ್ಟೇಷನ್ ಕೆಲ್ಸಕ್ಕೆ ಸೇರ್ಕಂಡ್ಳಾ? ಯೂನಿಫಾರಮ್ ಯಾವಾಗ ಕೊಡ್ತಾರಂತೆ?" ಎಂದಳು. ನಾನೂ ನಕ್ಕೆ. ನೀನು ಚಪ್ಪಲಿ ಮೆಟ್ಟುತ್ತಿದ್ದೆ, ಕೇಳಿಸಿತೇ? ಕೇಳಿಸಿರುತ್ತದೆ. ಕಾಯಿಲೆ ಹಿಡಿದು ಮಂಚ ಸೇರುವವರೆಗೂ ಹೋದೆ ನೀನು.

ಈಗ ಹೇಳಬೇಕಾದದ್ದು ಹೇಳುತ್ತೇನೆ. ಈ ಯುಗಾದಿ ಕಳೆದ ಮೇಲೆ ಒಬ್ಬಳು ಸಬ್‌ಇನ್‌ಸ್ಪೆಕ್ಟರ್ ಮನೆಗೆ ಬಂದಳು, ಚಿಕ್ಕ ವಯಸ್ಸಿನವಳು. ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು ಕೂತು, "ಅಜ್ಜಿ, ನೀರು ಕುಡೀರಿ ಮೊದ್ಲು" ಎಂದಳು. ಆಮೇಲೆ ಹೇಳಿದಳು. ಪ್ರಮೀಳಾ, ಭವ್ಯ ಬದುಕಿದ್ದಾಳೆ. ನೀನು ಹೇಳಿದ್ದೇ ನಿಜ. ತಮಿಳುನಾಡಿನ ಜೋಲಾರಪೇಟೆಯ ಹತ್ತಿರ ರೈಲಿನಲ್ಲಿ ಸಿಕ್ಕ ಮಗುವನ್ನು ಅಲ್ಲಿನ ಒಂದು ಅನಾಥಾಲಯದವರು ಬೆಳೆಸಿದರು. ರೈಲಿಗೆ ಯಾರು ಹತ್ತಿಸಿದರೋ ಅವಳಿಗೆ ನೆನಪಿಲ್ಲ, ಕಿಟಕಿಯ ಕಂಬಿ ಮಾತ್ರ ನೆನಪಂತೆ. ಕಳೆದುಹೋದ ಎರಡೇ ತಿಂಗಳಿಗೆ ಅನಾಥಾಲಯದವರು ನಮ್ಮ ಸ್ಟೇಷನ್ನಿಗೆ ಕಾಗದ ಬರೆದಿದ್ದರು. ಕನ್ನಡ ಆಡುವ ಹುಡುಗಿ, ಊರು ಕೋಡಿಹಳ್ಳಿ ಎನ್ನುತ್ತಾಳೆ ಎಂದು. ಇನ್‌ಸ್ಪೆಕ್ಟರ್ ನಮಗೆ ತೋರಿಸಲೇ ಇಲ್ಲ. ಕೆರೆಗೆ ಎಸೆದೆ ಎಂದು ಒಬ್ಬನ ಬಾಯಲ್ಲಿ ಹೇಳಿಸಿದ ಮೇಲೆ ಮಗು ಬದುಕಿ ಬಂದರೆ ಹೇಳಿಸಿದವನ ಗತಿ? ಕಾಣೆಯಾದ ಮಗುವನ್ನು ತಾಯಿಯೇ ಆಟೋದವನ ಕೈಗೆ ಕೊಟ್ಟಿದ್ದಳು, ಅದರ ಎಡ ಕೆನ್ನೆಯಲ್ಲಿ ಮಚ್ಚೆಯಿದೆ, ನಿಮ್ಮಲ್ಲಿರುವ ಮಗುವಿಗೆ ಇಲ್ಲ, ಆದ್ದರಿಂದ ಅದಲ್ಲ ಎಂದು ಉತ್ತರ ಬರೆದು ಕೈತೊಳೆದುಕೊಂಡ. ಆ ಉತ್ತರ ಅನಾಥಾಲಯದಲ್ಲೇ ಇತ್ತು. ಅದನ್ನು ಹಿಡಿದುಕೊಂಡು ಭವ್ಯ ಸ್ಟೇಷನ್ನಿಗೆ ಬಂದಿದ್ದಾಳೆ. ಮುರಳಿಯ ಡಿಎನ್‌ಎ ಟೆಸ್ಟ್ ಮಾಡಿಸಿದರು, ಹೊಂದಿತು. ಕಾಗದ ಮುಚ್ಚಿಟ್ಟವನು ಸತ್ತು ವರ್ಷಗಳಾಗಿವೆ. ಸಹಿ ಹಾಕಿದವಳು ಉಳಿದಿದ್ದೇನೆ.

ಹದಿನೈದು ದಿನದ ಹಿಂದೆ ಬೆಳಗ್ಗೆ ಅವಳು ಫೋನ್ ಮಾಡಿದಳು. ಅವಳಿಗೆ ಕನ್ನಡ ಮರೆತುಹೋಗಿದೆ, ತಮಿಳೇ. ಹಲಸೂರು ಸಂತೆಯಲ್ಲಿ ಕಲಿತ ನನ್ನ ತಮಿಳು ಅಷ್ಟಕ್ಕೆ ಸಾಕಾಯಿತು. ತಮಿಳು ಅರ್ಥವಾಗುವ ಮುರಳಿ ಎದುರಿಗೇ ಕೂತಿದ್ದ. ಅವಳು ಕೇಳಿದ್ದು ಒಂದೇ. ಅಮ್ಮ ನನ್ನನ್ನು ಯಾಕೆ ಬೇರೆಯವರ ಕೈಗೆ ಕೊಟ್ಟಳು, ಹೆಣ್ಣು ಮಗು ಬೇಡವಾಗಿತ್ತಾ? ಆ ಕಾಗದ ಓದಿದಂದಿನಿಂದ ಅದನ್ನೇ ನಂಬಿಕೊಂಡಿದ್ದಾಳೆ. ಆಗಲೂ ಒಂದು ಗಳಿಗೆ ಆ ಹಳೇ ಸುಳ್ಳೇ ನಾಲಿಗೆಗೆ ಬಂತು ಪ್ರಮೀಳಾ. ಇಷ್ಟು ವಯಸ್ಸಾದ ಮೇಲೂ! ಆಮೇಲೆ ಇದ್ದದ್ದು ಹೇಳಿದೆ. "ನಿಮ್ಮಮ್ಮ ಅಲ್ಲಿ ಇರಲೇ ಇಲ್ಲ. ನಿನ್ನ ಕೈ ಹಿಡಿದಿದ್ದವಳು ನಾನು, ಬಿಟ್ಟವಳೂ ನಾನು. ಅವಳ ಮೇಲೆ ಹಾಕಿದೆ. ಅವಳು ಸಾಯೋವರೆಗೂ ನಿನ್ನ ಹುಡುಕಿದ್ಲು." ಅವಳು, "ಅಮ್ಮಾ ಪೇರು ಎನ್ನ?" ಎಂದಳು. ತಾಯಿಯ ಹೆಸರು ಅವಳಿಗೆ ಯಾರೂ ಹೇಳಿರಲಿಲ್ಲ. ಪ್ರಮೀಳಾ ಎಂದೆ. ಫೋನ್ ಇಟ್ಟಳು. ಮುರಳಿ ಎದ್ದು ಹೊರಗೆ ಹೋದ. ಅಂದಿನಿಂದ ಊಟ ಮುಂದಿಟ್ಟರೆ ಉಣ್ಣುತ್ತಾನೆ, ಅಮ್ಮಾ ಎಂದು ಕರೆದಿಲ್ಲ.

ಮಾರನೇ ದಿನವೇ ಸ್ಟೇಷನ್ನಿಗೆ ಹೋಗಿ ಹೊಸ ಹೇಳಿಕೆ ಬರೆಸಿದೆ. ಅದರ ಪ್ರತಿ ಹಿಡಿದು ಹಲಸೂರಿನಲ್ಲಿ ಸೆಲ್ವನ ಮನೆ ಹುಡುಕಿಕೊಂಡು ಹೋದೆ. ಅವನ ಬಲಗೈ ಈಗಲೂ ಭುಜದ ಮೇಲಕ್ಕೆ ಏಳುವುದಿಲ್ಲ. ಅವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, "ಈಗ ಬಂದ್ರಾ ಮಾ? ಮಗು ಸಾಯ್ಸಿದೋನು ಅಂತ ಇವರ ಆಟೋ ಹತ್ತೋರಿರ್ಲಿಲ್ಲ. ನಮ್ ಮಗಳನ್ನ ನೋಡೋಕ್ ಬಂದೋರು ಎಷ್ಟ್ ಸಲ ವಾಪಸ್ ಹೋದ್ರು ಗೊತ್ತಾ ನಿಮಗೆ?" ಎಂದಳು. ಸೆಲ್ವ ಒಳಗಿಂದ, "ಭವ್ಯ ಪಾಪಾ ಚೆನ್ನಾಗವಳಾ?" ಎಂದಷ್ಟೇ ಕೇಳಿದ. ಕ್ಷಮಿಸು ಎನ್ನಲು ಹೋದವಳು ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ.

ನಿನ್ನೆ ಸಬ್‌ಇನ್‌ಸ್ಪೆಕ್ಟರ್ ಹೇಳಿ ಕಳಿಸಿದಳು. ಭಾನುವಾರ ಭವ್ಯ ಬರುತ್ತಾಳೆ. ಈ ಮನೆಗಲ್ಲ. ಕೆ.ಆರ್. ಪುರಕ್ಕೆ, ನಿನ್ನ ತವರಿಗೆ. ನಿನ್ನ ತಾಯಿಗೆ ಕಣ್ಣು ಮಂಜಾಗಿದೆ, ಆದರೂ ನಿನ್ನೆಯಿಂದ ಆಗಲೇ ಹತ್ತು ಸಲ ಭಾನುವಾರಕ್ಕೆ ಇನ್ನೆಷ್ಟು ದಿನ ಎಂದು ಕೇಳಿದರಂತೆ. ಮುರಳಿ ಹೋಗುತ್ತಾನೆ. ನನ್ನನ್ನು ಯಾರೂ ಕರೆದಿಲ್ಲ. ಬಲವಂತವಾಗಿ ಕಾರು ಹತ್ತಿ ಕೂತರೆ ಇಳಿ ಎನ್ನುವವರು ಈ ಮನೆಯಲ್ಲಿಲ್ಲ, ಅದು ನಿನಗೂ ಗೊತ್ತು. ಆದರೆ ಹೋಗುವುದಿಲ್ಲ. ಅವಳು ಮೊದಲು ನಿನ್ನವರ ಮಡಿಲಲ್ಲಿ ಕೂರಲಿ, ನಿನ್ನ ವಿಷಯ ಕೇಳಲಿ, ಅಳಬೇಕಾದಷ್ಟು ಅಳಲಿ. ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ಸೀರೆ ಉಟ್ಟುಕೊಂಡು ನಡುಮನೆಯಲ್ಲಿ ಕೂತಿರುತ್ತೇನೆ. ಆ ಭಾನುವಾರ ಕರೆಯದಿದ್ದರೆ ಅದರ ಮುಂದಿನ ಭಾನುವಾರವೂ. ಅವಳು ಕರೆಯುವವರೆಗೂ ಕೂತಿರುತ್ತೇನೆ ಪ್ರಮೀಳಾ, ಒಂದು ಮಾತೂ ಆಡದೆ.